ನೀರಜ್ಜಿಯ ಏಳನೇ ಕಾರ್ಡು

ಹನ್ನೊಂದನೇ ಕಂತು

"ಮುಟ್ಟಿ ನೋಡಿ, ಆದ್ರೆ ತಗೊಂಡು ಹೋಗೋ ಹಾಗಿಲ್ಲ," ಎನ್ನುತ್ತ ಸಂಪಾದಕ ಏಳು ಅಂಚೆ ಕಾರ್ಡುಗಳನ್ನು ಇಸ್ಪೀಟೆಲೆಗಳಂತೆ ಮೇಜಿನ ಮೇಲೆ ಸಾಲಾಗಿ ಹಾಸಿದ. "ನೀರಜ್ಜಿ ಎದ್ದಮೇಲೆ ನಮ್ಮ ಪತ್ರಿಕೆ ಎರಡರಷ್ಟು ಖರ್ಚಾಗ್ತಿದೆ ಮೇಡಂ. ನಮಗೆ ಅನ್ನ ಹಾಕ್ತಿರೋ ಮುದುಕಿ ಅವಳು."

"ಒಬ್ಬ ಮನುಷ್ಯ ಸತ್ತಿದಾನೆ. ತಗೊಂಡೇ ಹೋಗ್ತೀನಿ," ಎಂದಳು ಇನ್ಸ್‌ಪೆಕ್ಟರ್.

ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ. ಬೆಳಗಿನಿಂದ ಎಲ್ಲಿಯೂ ಕೂತಿರಲಿಲ್ಲ. ಕೂತರೆ ಕಾಲು ತಾನಾಗಿ ಕುಣಿಯುತ್ತಿತ್ತು. ಜೀಪಿನ ಕೀಲಿ ಬೆರಳಿನಿಂದ ಬೆರಳಿಗೆ ದಾಟುತ್ತಲೇ ಇತ್ತು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು. ಸಂಜೆ ಐದಕ್ಕೆ ಪೊಲೀಸ್ ಕಸ್ಟಡಿ ಮುಗಿಯುವುದರೊಳಗೆ ಲಾಕಪ್ಪಿನಲ್ಲಿರುವ ಬೋಟಿನವನನ್ನು ಕೊಲೆ ಆರೋಪ ಹೊರಿಸಿ ನ್ಯಾಯಾಲಯಕ್ಕೆ ಕಳಿಸಬೇಕೆಂದು ಸಾಹೇಬರ ಕಟ್ಟಪ್ಪಣೆಯಾಗಿತ್ತು. ಆ ಬೋಟಿನವ ಕೊಂದಿಲ್ಲವೆಂದು ಅವಳಿಗೆ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ನ್ಯಾಯಾಲಯ ಕೇಳುವುದಿಲ್ಲ.

ಕೆರೆಯ ಆಳ ಅಳೆಯಲು ಬಂದಿದ್ದ ಸರ್ವೇಯರನ ದೋಣಿ ಹನ್ನೊಂದು ದಿನಗಳ ಹಿಂದೆ, ಶುಕ್ರವಾರ ಬೆಳಿಗ್ಗೆ, ಬಡಗಣ ಏರಿಯ ಹತ್ತಿರ ಮಗುಚಿ ತೇಲುತ್ತಿತ್ತು. ಹೆಣ ಸಿಕ್ಕಲಿಲ್ಲ. ಕೆರೆಯ ಆಳದಲ್ಲಿದ್ದಾಳೆಂದು ಹಳಬರು ನಂಬುವ ನೀರಜ್ಜಿಯೇ ನುಂಗಿದಳು ಎಂದು ಊರು ತೀರ್ಪು ಕೊಟ್ಟುಬಿಟ್ಟಿತು.

"ಇವನ್ನ ಯಾರು ತಂದುಕೊಟ್ಟರು?"

"ಯಾರೂ ಇಲ್ಲ. ನಮ್ಮ ಬಾಗಿಲಲ್ಲಿ ಒಂದು ಪೆಟ್ಟಿಗೆ ಇದೆಯಲ್ಲ, ಅದರೊಳಗೆ ಬಿದ್ದಿದ್ದವು. ಅಂಚೆ ಮುದ್ರೆ ಇಲ್ಲ. ಹೆಸರೂ ಇಲ್ಲ. 'ಒಬ್ಬ ಪ್ರಯಾಣಿಕ', 'ಒಬ್ಬ ತಾಯಿ', 'ನೊಂದ ನಾಗರಿಕ'. ಕೊನೇದು ಸೋಮವಾರ ಪೆಟ್ಟಿಗೆ ತೆಗೆದಾಗ ಸಿಕ್ತು. ಶನಿವಾರ, ಭಾನುವಾರ ನಾವು ತೆಗೆಯಲ್ಲ."

ಅವಳು ಬಗ್ಗಿ ಓದಿದಳು. ಮೊದಲ ಆರರಲ್ಲಿ ಅಜ್ಜಿ ಬರೀ ಎದ್ದು ಮುಳುಗುತ್ತಾಳೆ: ಕುದುರೆಯಂಥ ಕುತ್ತಿಗೆ, ಬೆನ್ನ ಮೇಲೆ ಮೂರು ಗುಡ್ಡೆ, ಎಲ್ಲ ಕಾರ್ಡಿನಲ್ಲೂ ಬಡಗಣ ಏರಿಯ ಹತ್ತಿರ, ಲಾಂಚಿನ ದಾರಿ ಗುರುತಿಸುವ ನಾಲ್ಕನೇ ತೇಲುಗುಂಡಿನ ಪಕ್ಕದಲ್ಲೇ. ಏಳನೆಯದು ಬೇರೆ. 'ಇಂದು ಶುಕ್ರವಾರ ಬೆಳಿಗ್ಗೆ ಆರೂವರೆಗೆ ಅಜ್ಜಿ ಒಂದು ದೋಣಿಯನ್ನು ಮಗುಚುವುದನ್ನು ಕಣ್ಣಾರೆ ಕಂಡೆ.'

ಏಳಕ್ಕೂ ಅಕ್ಷರ ಬೇರೆ ಬೇರೆ. ಒಂದು ಎಡಕ್ಕೆ ವಾಲಿತ್ತು, ಒಂದು ಬಲಕ್ಕೆ, ಮತ್ತೊಂದು ಈಗಷ್ಟೇ ಅಕ್ಷರ ಕಲಿತ ಮಗು ಬರೆದಂತಿತ್ತು. ಆದರೆ ಪ್ರತಿ ಕಾರ್ಡಿನ ಬಲಮೂಲೆಯಲ್ಲೂ, ತಾರೀಖಿಗಿಂತ ಮೇಲೆ, ಚಿಕ್ಕದಾಗಿ ಒಂದು ಅಂಕಿಯಿತ್ತು. ೩೩-೨. ೩೨-೧೧. ೩೨-೬. ಮೊದಲ ಆರು ಕಾರ್ಡುಗಳಲ್ಲಿ ಅಂಕಿಯ ಅಡಿಗೆ ಪುಟ್ಟ ಗೆರೆ ಎಳೆದಿತ್ತು. ಏಳನೆಯದರಲ್ಲಿ ೨೯-೧೦ ಎಂದಷ್ಟೇ ಇತ್ತು, ಗೆರೆಯಿರಲಿಲ್ಲ.

"ಇದೇನು?"

"ಅದಾ? ನಾವು ಅಚ್ಚು ಹಾಕುವಾಗ ಮೂಲೆ ಕತ್ತರಿಸಿಬಿಡ್ತೀವಿ. ಏನೋ ಮನೆ ನಂಬರು ಇರಬೇಕು."

ಬಾಗಿಲಿಗೆ ಒರಗಿ ನಿಂತಿದ್ದ ದಫೇದಾರ ಕೆಮ್ಮಿದ. ಐವತ್ತು ದಾಟಿದ ಭಾರಿ ಆಳು. ಅವಳು ಈ ಠಾಣೆಗೆ ಬಂದ ದಿನದಿಂದ ಅವಳ ಬಲಗೈ. "ಮೇಡಂ, ಅಜ್ಜಿ ಕಾರ್ಡು ಹಿಡ್ಕೊಂಡು ತನಿಖೆ ಮಾಡ್ತಿದೀರಿ ಅಂತ ಸಾಹೇಬರಿಗೆ ಗೊತ್ತಾದರೆ ನಿಮ್ಮನ್ನ ಕೆರೆಗೇ ವರ್ಗ ಮಾಡ್ತಾರೆ. ನಡೀರಿ, ಹೊತ್ತಾಯ್ತು."

ಅವಳು ಏಳು ಕಾರ್ಡುಗಳನ್ನೂ ಬಾಚಿ ಕೈಚೀಲಕ್ಕೆ ಹಾಕಿಕೊಂಡಳು. ಸಂಪಾದಕ ಹಾಂ ಹಾಂ ಎನ್ನುವಷ್ಟರಲ್ಲಿ ಮೆಟ್ಟಿಲಿಳಿದಾಗಿತ್ತು.

*

ಜೀಪು ಬಡಗಣ ಏರಿಯ ಮೇಲೆ ಆಮೆಯಂತೆ ತೆವಳಿತು. ದಾರಿಯ ತುಂಬ ಜನ. ದುರ್ಬೀನು ಹಿಡಿದವರು, ಮಕ್ಕಳನ್ನು ಹೆಗಲಿಗೇರಿಸಿಕೊಂಡವರು, ಮಡಚುವ ಕುರ್ಚಿ ಹಾಕಿಕೊಂಡು ನೀರಿಗೆ ಮುಖ ಮಾಡಿ ಕೂತವರು. ಹಾರ್ನ್ ಹೊಡೆದರೂ ಯಾರೂ ಕಣ್ಣು ತೆಗೆಯಲಿಲ್ಲ. ಗಾಳಿ ಎದ್ದಿತ್ತು. ಸಣ್ಣ ಸಣ್ಣ ಅಲೆಗಳು ನಿಲ್ಲದೆ ಕಲ್ಲಿಗೆ ಬಡಿಯುತ್ತಿದ್ದವು.

"ಇಷ್ಟು ಜನ ನಿಂತರೆ ಏರಿ ತಡೆಯುತ್ತಾ?" ಎಂದಳು.

"ನಮ್ಮ ಭಾವ ಗುತ್ತಿಗೆ ಹಿಡಿದು ಹೊಸದಾಗಿ ಕಟ್ಟಿಸಿದ್ದು ಮೇಡಂ, ಹೋದ ವರ್ಷ," ಎಂದ ದಫೇದಾರ, ಎದೆ ತುಸು ಉಬ್ಬಿಸಿ. "ಆನೆ ಹಿಂಡು ಓಡಿಸಿದರೂ ಅಲ್ಲಾಡಲ್ಲ."

ಅವಳ ಮನಸ್ಸು ಅಲ್ಲಿರಲಿಲ್ಲ. ಬೆಳಿಗ್ಗೆ ಲಾಕಪ್ಪಿನಲ್ಲಿ ನಡೆದದ್ದು ತಲೆಯಲ್ಲಿ ಮತ್ತೆ ಮತ್ತೆ ಸುತ್ತುತ್ತಿತ್ತು. ಬೋಟಿನವನನ್ನು ಊರವರು ಮೌನಿ ಎಂದೇ ಕರೆಯುತ್ತಾರೆ. ನಲವತ್ತು ವರ್ಷದಲ್ಲಿ ಅವನು ನಾಲ್ಕು ಮಾತು ಆಡಿರಬೇಕೆಂದು ತಮಾಷೆ. ಸರ್ವೇಯರನ ಚರ್ಮದ ಚೀಲ ಅವನ ಮನೆಯಲ್ಲಿ ಸಿಕ್ಕಿತ್ತು, ಅದಕ್ಕೇ ಶನಿವಾರ ಬೆಳಿಗ್ಗೆಯೇ ಒಳಗೆ ಹಾಕಿದ್ದು. ಚೀಲದಲ್ಲಿ ಆಳ ಅಳೆಯುವ ಯಂತ್ರದ ಕಾಗದದ ಸುರುಳಿಯಿರಬೇಕಿತ್ತು. ಅದನ್ನು ಸುತ್ತುವ ಬರೀ ಮರದ ಕಡ್ಡಿಯಿತ್ತು.

"ಸುರುಳಿ ಎಲ್ಲಿ?" ಎಂದು ಹತ್ತನೇ ಸಲ ಕೇಳಿದ್ದಳು.

ಮೌನಿ ಸರಳಿನ ಹತ್ತಿರ ಬಂದಿದ್ದ. "ಅಮ್ಮಾ, ನಿಮ್ಮೊಬ್ಬರ ಹತ್ರ..." ಎಂದವನು ಅಲ್ಲಿಗೇ ನಿಲ್ಲಿಸಿದ. ಅವಳ ಹೆಗಲಿನಾಚೆ ನೋಡುತ್ತಿದ್ದ. ಅಲ್ಲಿ ಕಿಟಕಿಯಿತ್ತು, ಕಿಟಕಿಯಾಚೆ ಕೆರೆ. ಚಹಾದ ಲೋಟ ಹಿಡಿದು ದಫೇದಾರ ಆಗಷ್ಟೇ ಒಳಗೆ ಬಂದಿದ್ದ. ಮೌನಿ ಮತ್ತೆ ಮೂಲೆಗೆ ಹೋಗಿ ಕೂತ.

ಕೆರೆಯನ್ನು ಕಂಡರೆ ಅವನಿಗೆ ಅಷ್ಟು ಭಯವೇ ಎಂದು ಅವಳು ಅಂದುಕೊಂಡಿದ್ದಳು.

*

ಲಾಂಚ್ ಕಟ್ಟೆಯಲ್ಲಿ ಜೀಪು ನಿಂತ ಕೂಡಲೇ ಕ್ಷೌರದಂಗಡಿಯವ ಓಡಿಬಂದ, ಕತ್ತರಿ ಕೈಯಲ್ಲೇ ಇತ್ತು. ಅವನ ಅಂಗಡಿಯ ಬಾಗಿಲಲ್ಲಿ ಅರ್ಧ ತಲೆ ಕತ್ತರಿಸಿಕೊಂಡ ಗಿರಾಕಿಯೊಬ್ಬ ಬಟ್ಟೆ ಹೊದ್ದು ನಿಂತಿದ್ದ.

"ಮೇಡಂ, ನನ್ನ ಹೇಳಿಕೆ ಸ್ವಲ್ಪ ತಿದ್ದಬೇಕು. ಅಜ್ಜಿಗೆ ಒಂದು ತಲೆ ಅಂದಿದ್ದೆನಲ್ಲ..."

"ಈಗ ಎಷ್ಟು?"

"ಮೂರು."

"ಹೋದ ವಾರ ಎರಡಾಗಿತ್ತು," ಎಂದ ದಫೇದಾರ.

"ಆಗ ಒಂದು ನೀರಲ್ಲಿತ್ತು!"

"ಮೂರು ತಲೆಗೂ ಕೂದಲಿತ್ತೇನೋ? ನಿನ್ನ ವ್ಯಾಪಾರ ಬೆಳೀತದೆ."

"ಏನ್ರೀ, ನನ್ನ ಅರ್ಧ ತಲೆ ಇಲ್ಲಿದೆ!" ಎಂದು ಬಾಗಿಲಲ್ಲಿದ್ದ ಗಿರಾಕಿ ಕೂಗಿಕೊಂಡ. ಕ್ಷೌರದವ ಗೊಣಗುತ್ತ ಹಿಂದಿರುಗಿದ.

ಅವಳಿಗೂ ನಗು ಬಂತು, ಆದರೆ ತುಟಿಯವರೆಗೆ ತಲುಪಲಿಲ್ಲ. ಕಾರ್ಡುಗಳಲ್ಲಿ ಅಜ್ಜಿ ಮೊದಲು ಎದ್ದದ್ದು ಆರು ವಾರಗಳ ಹಿಂದೆ. ಅದಕ್ಕೂ ಮುಂಚೆ ನಲವತ್ತು ವರ್ಷ ಅವಳನ್ನು ಯಾರೂ ಕಂಡಿರಲಿಲ್ಲ. ಪತ್ರಿಕೆಯಲ್ಲಿ ಓದಿದ ಮೇಲೆ ಊರಿಗೆ ಊರೇ ಕಂಡಿತು.

ಟಿಕೆಟ್ ಕೋಣೆಯ ಒಳಗೆ ಎರಡು ಕುರ್ಚಿ, ಒಂದು ಫ್ಯಾನು, ಕಬ್ಬಿಣದ ಕಪಾಟು. ಟಿಕೆಟ್ ಕೊಡುವ ಹೆಂಗಸು ಇನ್ಸ್‌ಪೆಕ್ಟರಿಗೆ ಕುರ್ಚಿ ಒರೆಸಿಕೊಟ್ಟಳು. ಇಲ್ಲಿಯೂ ಅವಳು ಕೂರಲಿಲ್ಲ. ಕಾರ್ಡಿನ ಮೂಲೆ ತೋರಿಸಿದಳು.

ಹೆಂಗಸು ನೋಡಿದ ಕೂಡಲೇ ಹೇಳಿದಳು: "ನೀರಿನ ಮಟ್ಟ ಅಲ್ವಾ ಇದು? ಮೂವತ್ಮೂರು ಅಡಿ, ಎರಡು ಅಂಗುಲ. ಹೊರಗೆ ಅಳತೆಗಂಬ ಇದೆಯಲ್ಲ, ಅದರದ್ದು."

ದಫೇದಾರ ಕಿಟಕಿಯಿಂದ ಕತ್ತು ಚಾಚಿ, "ಇವತ್ತು ಇಪ್ಪತ್ತೆಂಟು ಒಂಬತ್ತು," ಎಂದ.

"ಸರಿಯಾಗಿ ಹೇಳಿದ್ರಿ! ಯಂತ್ರನೂ ಅಷ್ಟೇ ತೋರಿಸ್ತಿದೆ. ಈಗ ಎಲ್ಲ ಯಂತ್ರವೇ ಬರೆಯೋದು," ಎನ್ನುತ್ತ ಹೆಂಗಸು ಅಚ್ಚಾದ ಹಾಳೆಗಳನ್ನು ಕಪಾಟಿನಿಂದ ತೆಗೆದಳು.

ಇನ್ಸ್‌ಪೆಕ್ಟರ್ ಕಾರ್ಡುಗಳನ್ನು ಒಂದೊಂದಾಗಿ ಹಾಳೆಯ ಪಕ್ಕದಲ್ಲಿಟ್ಟು ನೋಡಿದಳು. ಮೊದಲ ಕಾರ್ಡಿನ ದಿನದ ಮಟ್ಟ ೩೩-೨, ತಾಳೆಯಾಯಿತು. ಎರಡನೆಯದೂ, ಮೂರನೆಯದೂ. ಆರರವರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಏಳನೆಯದಕ್ಕೆ ಬಂದಾಗ ಬೆರಳು ನಿಂತಿತು.

ದೋಣಿ ಮಗುಚಿದ ಶುಕ್ರವಾರ ನೀರು ೩೧-೪ ಇತ್ತು. ಕಾರ್ಡಿನಲ್ಲಿ ೨೯-೧೦.

"ಶನಿವಾರ ಬೆಳಿಗ್ಗೆ ಹೆಣ ಹುಡುಕೋಕೆ ಅಂತ ಎರಡೂ ತೂಬು ಎತ್ತಿದ್ರಲ್ಲ, ಆಗ ಇಳೀತು," ಎಂದಳು ಹೆಂಗಸು. "ಇಪ್ಪತ್ತೊಂಬತ್ತು ಹತ್ತು ಆಗಿದ್ದು... ನೋಡಿ, ಭಾನುವಾರ."

ಹಾಗಾದರೆ ಶುಕ್ರವಾರ ಕಣ್ಣಾರೆ ಕಂಡವನು ಬರೆದದ್ದು ಭಾನುವಾರ. ತಾರೀಖು ಸುಳ್ಳು ಬರೆದ ಕೈ ನೀರನ್ನು ಮಾತ್ರ ನಿಜ ಬರೆದಿತ್ತು. ಆ ಭಾನುವಾರ ಮೌನಿ ಲಾಕಪ್ಪಿನಲ್ಲಿದ್ದ. ಅವಳ ಎದೆ ಹಗುರಾಯಿತು. ಐದು ಗಂಟೆಯೊಳಗೆ ಇಷ್ಟಾದರೂ ಸಾಹೇಬರ ಮುಂದಿಡಬಹುದು.

"ಕಾಗದದ ಮೂಲೆಯಲ್ಲಿ ನೀರಿನ ಮಟ್ಟ ಯಾರು ಬರೀತಾರೆ?"

"ಲಾಂಚಿನವರು. ಹಳಬರು. ಪೆನ್ನು ಹಿಡಿದರೆ ಮೊದಲು ನೀರು, ಆಮೇಲೆ ಮಿಕ್ಕಿದ್ದು. ಈಗಿನ ಚಾಲಕರು ಪೆನ್ನೇ ಹಿಡಿಯಲ್ಲ ಬಿಡಿ, ಎಲ್ಲ ಫೋನಲ್ಲೇ ಒತ್ತುತಾರೆ."

"ದಫೇದಾರ್ರೇ, ಇವರ ಹೇಳಿಕೆ ಬರ್ಕೊಳ್ಳಿ."

ದಫೇದಾರ ಹಾಳೆ ತೆಗೆದು ಮೇಜಿಗೆ ಬಗ್ಗಿದ. ಪೆನ್ನು ಸರಸರನೆ ಓಡಿತು. ಸಹಿ ಹಾಕಿಸಿ, ನಾಲ್ಕಾಗಿ ಮಡಚಿ ಅವಳ ಕೈಗಿತ್ತ. ಓದುವ ವ್ಯವಧಾನವಿಲ್ಲದೆ ಅವಳು ಅದನ್ನು ಚೀಲಕ್ಕೆ ತುರುಕಿದಳು. ತುರುಕುವಾಗ ಬೆರಳಿಗೆ ಇನ್ನೊಂದು ಚೀಟಿ ಸಿಕ್ಕಿತು.

ಬೆಳಿಗ್ಗೆ ಮನೆ ಬಿಡುವಾಗ ದೊಡ್ಡಪ್ಪ ಕೊಟ್ಟ ಸಾಮಾನಿನ ಚೀಟಿ. ಸೋಪು, ಬೆಂಕಿಪೊಟ್ಟಣ, ದಪ್ಪ ದಾರ ಒಂದು ಉಂಡೆ, ಮೊಣಕಾಲಿನ ಮುಲಾಮು. ಬಲಮೂಲೆಯಲ್ಲಿ ಚಿಕ್ಕದಾಗಿ, ೨೮-೯. ಅಡಿಯಲ್ಲಿ ಒಂದು ಗೆರೆ.

ಬಂದಿದ್ದ ಹಗುರವೆಲ್ಲ ಒಂದೇ ಏಟಿಗೆ ಇಳಿದುಹೋಯಿತು.

ಇಪ್ಪತ್ತೇಳು ವರ್ಷಗಳಿಂದ ಅವಳು ಆ ಚೀಟಿಗಳನ್ನು ನೋಡುತ್ತಲೇ ಬಂದಿದ್ದಳು. ಶಾಲೆಯ ರಜಾ ಅರ್ಜಿಯ ಮೇಲೂ ಅಂಥದೊಂದು ಅಂಕಿ ಇರುತ್ತಿತ್ತು. ಕಣ್ಣಿಗೆ ಎಷ್ಟು ರೂಢಿಯಾಗಿತ್ತೆಂದರೆ ಅದು ಕಾಗದದ್ದೇ ಒಂದು ಭಾಗವೆಂಬಂತೆ ಕಾಣುತ್ತಲೇ ಇರಲಿಲ್ಲ.

"ಏನಾಯ್ತು ಮೇಡಂ? ಮುಖ ಬಿಳಿಚಿಕೊಂಡಿದೆ."

"ಏನಿಲ್ಲ." ಚೀಟಿಯನ್ನು ಮುಷ್ಟಿಯಲ್ಲಿ ಮುದುಡಿಕೊಂಡಳು. ಮುಂದಿನ ಮಾತು ಇನ್ಸ್‌ಪೆಕ್ಟರ್ ಆಡಿದ್ದಲ್ಲ, ಮನೆಮಗಳು ಆಡಿದ್ದು. "ನೀವು ಠಾಣೆಗೆ ಹೋಗಿ. ಮೌನಿ ಹತ್ರ ನೀವೇ ಇರಿ. ನಾನು ಬರೋವರೆಗೆ ಬೇರೆ ಯಾರನ್ನೂ ಬಿಡಬೇಡಿ. ನಾನು ಮನೆಗೆ ಹೋಗಿ ಬರ್ತೀನಿ, ದೊಡ್ಡಪ್ಪನಿಗೆ ಔಷಧಿ ಕೊಡಬೇಕು."

"ಕ್ಯಾಪ್ಟನ್ನಿಗೆ ನಾನು ಕೇಳಿದೆ ಅಂತ ಹೇಳಿ," ಎಂದ ದಫೇದಾರ, ನಗುತ್ತ.

*

ಊರಿಗೆಲ್ಲ ಅವರು ಕ್ಯಾಪ್ಟನ್. ಮೂವತ್ತೊಂದು ವರ್ಷ ಲಾಂಚು ಓಡಿಸಿ ಹೋದ ವರ್ಷ ನಿವೃತ್ತರಾದವರು. ಅವಳಿಗೆ ದೊಡ್ಡಪ್ಪ. ಆರನೇ ವಯಸ್ಸಿನಿಂದ ಸಾಕಿದವರು.

ಕೆರೆಗೆ ಮುಖ ಮಾಡಿದ ಜಗಲಿಯಲ್ಲಿ ಕೂತು ದೊಡ್ಡಪ್ಪ ಹರಿದ ಲೈಫ್ ಜಾಕೆಟ್ಟಿಗೆ ಹೊಲಿಗೆ ಹಾಕುತ್ತಿದ್ದರು. ಕನ್ನಡಕ ಮೂಗಿನ ತುದಿಯಲ್ಲಿತ್ತು.

"ದಾರ ತಂದೆಯಾ ಪುಟ್ಟಿ?"

ಅವಳು ಸಾಮಾನಿನ ಚೀಟಿಯನ್ನು ನೆಲದ ಮೇಲೆ ನೆಟ್ಟಗೆ ಮಾಡಿ ಇಟ್ಟಳು. ಪಕ್ಕದಲ್ಲಿ 'ಒಬ್ಬ ಪ್ರಯಾಣಿಕ'ನನ್ನು ಇಟ್ಟಳು, 'ಒಬ್ಬ ತಾಯಿ'ಯನ್ನು ಇಟ್ಟಳು.

ಸೂಜಿ ನಿಂತಿತು. ಕೆರೆಯ ಕಡೆಯಿಂದ ಜನರ ಗದ್ದಲ ಬಿಟ್ಟು ಬಿಟ್ಟು ಕೇಳಿಸುತ್ತಿತ್ತು.

"ಎಡಗೈಯಲ್ಲಿ ಬರೆಯೋಕೆ ಎರಡು ದಿನ ಅಭ್ಯಾಸ ಮಾಡಿದೆ," ಎಂದರು ಕೊನೆಗೆ. "ನೊಂದ ನಾಗರಿಕನ ಅಕ್ಷರ ಚೆನ್ನಾಗಿ ಬಂದಿದೆ, ಅಲ್ವಾ?"

"ದೊಡ್ಡಪ್ಪ, ತಮಾಷೆ ಬೇಡ. ಯಾಕೆ ಮಾಡಿದ್ರಿ?"

"ಬಡಗಣ ಏರಿ ಕೆಳಗೆ ನೀರು ಎಳೀತಿದೆ ಪುಟ್ಟಿ. ನಾಲ್ಕನೇ ತೇಲುಗುಂಡಿನ ಹತ್ರ ಇಂಜಿನ್ ನಿಲ್ಲಿಸಿದರೆ ಲಾಂಚು ತಾನಾಗಿ ಏರಿ ಕಡೆಗೆ ಸರೀತಿತ್ತು. ಗಾಳಿ ಇಲ್ಲದ ದಿನವೂ ಸರೀತಿತ್ತು. ಕೆಳಗೆ ಎಲ್ಲೋ ತೂತು ಬಿದ್ದಿದೆ. ಮೂರು ಅರ್ಜಿ ಕೊಟ್ಟೆ. ಮುದುಕನಿಗೆ ಹೊತ್ತು ಹೋಗಲ್ಲ ಅಂದರು. ಸಣ್ಣ ದೋಣಿಗಳು, ಈಜೋ ಮಕ್ಕಳು, ಯಾರೂ ಆ ಕಡೆ ಹೋಗಬಾರದಿತ್ತು. ಒಂದು ಕಾರ್ಡು ಬರೆದೆ, ಅಜ್ಜಿ ಎದ್ದಳು ಅಂತ. ಮಾರನೇ ದಿನ ಒಂದು ದೋಣಿ ಆ ಕಡೆ ಸುಳಿಯಲಿಲ್ಲ." ಅವರು ಕೆರೆಯ ಕಡೆ ಕೈ ತೋರಿಸಿದರು. "ನೀರಿಗೆ ಇಳಿಯಲ್ಲ ಅಂದುಕೊಂಡಿದ್ದೆ. ನೋಡೋಕೆ ಬಂದು ಏರಿ ಮೇಲೇ ನಿಲ್ತಾರೆ ಅಂತ ನನಗೆ ಹೊಳೀಲಿಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ಎರಡು ಸಲ. ನೀನು ಫೋನಲ್ಲಿದ್ದೆ."

ಅವಳು ಜಗಲಿಯ ಆ ತುದಿಗೆ ನಡೆದಳು, ಈ ತುದಿಗೆ ಬಂದಳು. ಕೀಲಿ ಕೈಯಿಂದ ಜಾರಿ ಬಿತ್ತು, ಎತ್ತಿಕೊಂಡಳು.

"ಸರ್ವೇಯರ್?"

"ಅವನೊಬ್ಬ ನನ್ನ ಮಾತು ನಂಬಿದ. ಹಳದಿ ಟೋಪಿ ಹಾಕ್ಕೊಂಡು ದಿನಾ ಸಂಜೆ ಇಲ್ಲಿಗೆ ಬರ್ತಿದ್ದ, ನೀನು ಬರೋ ಮುಂಚೆ. ಮಲಗುವಾಗಲೂ ಆ ಟೋಪಿ ತೆಗೆಯಲ್ಲ ಅಂತ ಮೌನಿಗೂ ನಗು ಬರ್ತಿತ್ತು. ಗುರುವಾರ ಯಂತ್ರದ ಕಾಗದ ತಂದು ತೋರಿಸಿದ. ಏರಿ ಬುಡದಲ್ಲಿ ಒಂದು ಕೋಣೆಯಷ್ಟು ಟೊಳ್ಳು. ಹೊಸದಾಗಿ ಕಟ್ಟಿದ್ದಾರಲ್ಲ, ಅದರ ಕೆಳಗೇ. ಶುಕ್ರವಾರ ಇನ್ನೊಂದು ಸಲ ಅಳೆದು, ಶನಿವಾರ ಮೇಲಿನವರ ಮುಂದೆ ಇಡ್ತೀನಿ ಅಂದ."

"ಆ ಶುಕ್ರವಾರ ಅವನು ಸತ್ತ. ಭಾನುವಾರ ನೀವು ಏಳನೇ ಕಾರ್ಡು ಬರೆದಿರಿ." ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು. "ಅಜ್ಜಿ ಮಗುಚಿದಳು ಅಂತ. ಕೊಲೆಯನ್ನ ಮುಚ್ಚಿದಿರಿ. ಯಾರನ್ನ ಉಳಿಸೋಕೆ ದೊಡ್ಡಪ್ಪ? ಇಲ್ಲಾ, ನೀವೇ..."

ದೊಡ್ಡಪ್ಪ ಕನ್ನಡಕ ತೆಗೆದರು.

"ಏಳನೇದಾ? ನಾನು ಬರೆದದ್ದು ಆರು."

"ಸುಳ್ಳು ಹೇಳಬೇಡಿ. ನಿಮ್ಮನ್ನ ನಾನೇ ಕರ್ಕೊಂಡು ಹೋಗಬೇಕಾಗುತ್ತೆ. ನನ್ನ ಕೈಯಲ್ಲಿ ಆ ಕೆಲಸ ಮಾಡಿಸಬೇಡಿ."

"ಅವನು ಸತ್ತ ಸುದ್ದಿ ಬಂದಮೇಲೆ ನಾನು ಪೆನ್ನು ಮುಟ್ಟಿದ್ದು ಇವತ್ತು, ಸೋಪಿನ ಚೀಟಿಗೆ. ಅಚ್ಚಾದದ್ದನ್ನ ಪತ್ರಿಕೆಯಲ್ಲಿ ಓದಿದೆ. ಯಾರೋ ಕಂಡದ್ದೇ ಇರಬೇಕು ಅಂತ ಸುಮ್ಮನಾದೆ. ಎಲ್ಲಿ, ಕೊಡು ಇಲ್ಲಿ."

ಕೊಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದರು. ಬರೆದದ್ದನ್ನು ಓದಲಿಲ್ಲ, ಮೂಲೆಯನ್ನಷ್ಟೇ ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ ಹಳೆಯ ಲಾಂಚ್ ಪುಸ್ತಕವೊಂದನ್ನು ತಂದು, ನಡುವಿನ ಪುಟ ತೆರೆದು ಅವಳ ಮುಂದಿಟ್ಟರು. ಸಾಲು ಸಾಲು ಅಂಕಿಗಳು. ಪ್ರತಿಯೊಂದರ ಅಡಿಯಲ್ಲೂ ಗೆರೆ. ಅಂಕಿ ನೀಲಿ ಶಾಯಿಯಲ್ಲಿತ್ತು, ಗೆರೆ ಕಪ್ಪಿನಲ್ಲಿ.

"ಲಾಂಚಲ್ಲಿ ನೀರು ಓದೋದು ಹಗ್ಗ ಹಿಡಿಯೋ ಆಳಿನ ಕೆಲಸ. ಓದಿ, ಅಂಕಿ ಬರೆದು ಪುಸ್ತಕ ಮೇಲಕ್ಕೆ ಕಳಿಸ್ತಾನೆ. ಚಾಲಕ ತಾನೂ ಕಂಬ ನೋಡಿ, ಸರಿ ಇದ್ದರೆ ಗೆರೆ ಎಳೀತಾನೆ. ಆಳಿಗೆ ಗೆರೆ ಎಳೆಯೋ ಅಧಿಕಾರ ಇಲ್ಲ. ಎಳೆದರೆ ಅವತ್ತೇ ಕೆಲಸದಿಂದ ಇಳಿಸ್ತಿದ್ದೆ, ಯಾಕಂದ್ರೆ ಆ ಗೆರೆ ನಂಬಿ ನೂರು ಜನ ಹತ್ತುತ್ತಾರೆ. ನಾನು ಗೆರೆ ಇಲ್ಲದೆ ಅಂಕಿ ಬರೆದದ್ದಿಲ್ಲ ಪುಟ್ಟಿ, ಸೋಪಿಗೂ ಬರೆದದ್ದಿಲ್ಲ." ಅವರು ಕಾರ್ಡನ್ನು ಕೆಳಗಿಟ್ಟರು. "ಇದು ಆಳಿನ ಕೈ."

"ಅಂಥ ಅಭ್ಯಾಸ ಎಷ್ಟು ವರ್ಷ ಉಳಿಯುತ್ತೆ?"

"ಮೈಗೆ ಹತ್ತಿದ್ದು. ಸಾಯೋವರೆಗೂ ಹೋಗಲ್ಲ. ತಾರೀಖು ಬೇಕಾದ್ರೆ ಹಿಂದಿಂದು ಹಾಕಬಹುದು. ನೀರನ್ನ ಬೇರೆ ದಿನದ್ದು ಬರೀಬೇಕು ಅಂತ ಕೈಗೆ ಹೊಳೆಯೋದೇ ಇಲ್ಲ."

"ನಿಮ್ಮ ಕೈಕೆಳಗೆ ಎಷ್ಟು ಜನ ಆಳುಗಳಿದ್ದರು?"

"ಬಂದವರು ಬಹಳ, ನಿಂತವರು ಕಡಿಮೆ. ಬರೆಯೋಕೆ ಬರ್ತಿದ್ದವರು ಇಬ್ಬರೇ. ಒಬ್ಬ ಮೌನಿ."

"ಮೌನಿ ಭಾನುವಾರ ಲಾಕಪ್ಪಲ್ಲಿದ್ದ. ಇನ್ನೊಬ್ಬ?"

ದೊಡ್ಡಪ್ಪ ಅವಳ ಮುಖ ನೋಡಿದರು. ಅವಳಿಗೆ ಇದು ಗೊತ್ತೇ ಇರಬೇಕೆಂದು ಅವರು ತಿಳಿದಂತಿತ್ತು.

"ಪೊಲೀಸಿಗೆ ಸೇರೋ ಮುಂಚೆ ನಾಲ್ಕು ವರ್ಷ ನನ್ನ ಹತ್ರ ಹಗ್ಗ ಹಿಡಿದಿದ್ದನಲ್ಲೇ, ನಿನ್ನ ದಫೇದಾರ."

ಅವಳು ಚೀಲಕ್ಕೆ ಕೈಹಾಕಿ ಟಿಕೆಟ್ ಕೋಣೆಯಲ್ಲಿ ಬರೆದ ಹೇಳಿಕೆಯನ್ನು ತೆಗೆದಳು. ನಾಲ್ಕು ಮಡಿಕೆ. ಬಿಡಿಸಿದಳು. ದುಂಡನೆಯ ಅಚ್ಚುಕಟ್ಟಾದ ಅಕ್ಷರ, ಕೆಳಗೆ ಹೆಂಗಸಿನ ಸಹಿ. ಬಲಮೂಲೆಯಲ್ಲಿ, ತಾರೀಖಿಗಿಂತ ಮೇಲೆ, ೨೮-೯.

ಅಡಿಯಲ್ಲಿ ಏನೂ ಇರಲಿಲ್ಲ.

ಆನೆ ಹಿಂಡು ಓಡಿಸಿದರೂ ಅಲ್ಲಾಡದ ಏರಿ. ಭಾವ ಕಟ್ಟಿಸಿದ್ದು. ಮತ್ತೆ ಮೌನಿ. ಹತ್ತು ದಿನದಲ್ಲಿ ಎಷ್ಟು ಸಲ ಕೇಳಿದ್ದಳು, ಅಷ್ಟು ಸಲವೂ ಬಾಗಿಲಲ್ಲಿ ದಫೇದಾರನಿದ್ದ, ಒಮ್ಮೆ ಚಹಾ ಹಿಡಿದು, ಒಮ್ಮೆ ಕಡತ ಹಿಡಿದು. ಮೌನಿ ನೋಡುತ್ತಿದ್ದದ್ದು ಕಿಟಕಿಯನ್ನಲ್ಲ, ಕೆರೆಯನ್ನಲ್ಲ. ಏಳನೇ ಕಾರ್ಡು ನಂಬಿ ಸಾವನ್ನು ಅಜ್ಜಿಯ ತಲೆಗೆ ಕಟ್ಟಿದ್ದರೆ ಮೌನಿ ಎಲ್ಲಿಯೂ ಬಾಯಿ ಬಿಡಬೇಕಾಗಿರಲಿಲ್ಲ. ಇವತ್ತು ಐದು ಗಂಟೆಗೆ ಮೌನಿ ನ್ಯಾಯಾಧೀಶರ ಮುಂದೆ ನಿಂತರೆ, ಬಾಗಿಲಲ್ಲಿ ದಫೇದಾರನಿಲ್ಲದ ಜಾಗದಲ್ಲಿ ನಿಲ್ಲುತ್ತಾನೆ.

ಅವನ ಹತ್ತಿರ ನೀವೇ ಇರಿ ಎಂದು ಅವಳೇ ಹೇಳಿ ಬಂದಿದ್ದಳು. ಬೇರೆ ಯಾರನ್ನೂ ಬಿಡಬೇಡಿ ಎಂದಿದ್ದಳು. ಮನೆಯ ಮಾನ ಮುಚ್ಚಿಕೊಳ್ಳುವ ಆತುರದಲ್ಲಿ.

ಅವಳು ಠಾಣೆಗೆ ಹಚ್ಚಿದ ಫೋನು ಮೂರು ಸಲ ಬಡಿದುಕೊಂಡಿತು. ಎತ್ತಿದವಳು ಹೊಸದಾಗಿ ಬಂದ ಕಾನ್‌ಸ್ಟೇಬಲ್.

"ದಫೇದಾರರನ್ನ ಕರಿ."

"ಇಲ್ಲ ಮೇಡಂ. ಮೌನೀನ ಕರ್ಕೊಂಡು ಹೋದ್ರಲ್ಲ."

"ಎಲ್ಲಿಗೆ?"

"ಕೆರೆಗೆ. ದೋಣಿ ಮಗುಚಿದ ಜಾಗ ತೋರಿಸಿ ಮಹಜರು ಬರೀಬೇ‌ಕು, ಐದರೊಳಗೆ ಆಗಬೇಕು ಅಂದ್ರು. ನೀವೇ ಹೇಳಿದೀರಿ ಅಂತ..." ಹುಡುಗಿಯ ದನಿ ಸಣ್ಣಗಾಯಿತು. "ಹೇಳಿರಲಿಲ್ವಾ ಮೇಡಂ?"

"ಹೋಗಿ ಎಷ್ಟು ಹೊತ್ತಾಯ್ತು?"

"ಅರ್ಧ ಗಂಟೆ. ಅವನ ಕೈಗೆ ಬೇಡಿನೂ ಹಾಕೇ ಕರ್ಕೊಂಡು ಹೋದ್ರು. ನೀರಲ್ಲಿ ಓಡಿಹೋದ್ರೆ ಕಷ್ಟ ಅಂದ್ರು."

ಕೈಗೆ ಬೇಡಿ ಹಾಕಿದವನು ನೀರಿಗೆ ಬಿದ್ದರೆ ಈಜಲಾರ.

"ಸಿಕ್ಕಿದವರನ್ನೆಲ್ಲ ಕರ್ಕೊಂಡು ಬಡಗಣ ಏರಿಗೆ ಬಾ. ಜನರನ್ನ ಏರಿ ಮೇಲಿಂದ ಇಳಿಸು. ಯಾರು ಏನಂದ್ರೂ ಇಳಿಸು." ಅವಳು ಅಷ್ಟರಲ್ಲಿ ಮೆಟ್ಟಿಲಿಳಿದಾಗಿತ್ತು. ಜೀಪಿನ ಬಾಗಿಲು ತೆರೆಯುವಷ್ಟರಲ್ಲಿ ಕೆರೆಯ ಕಡೆಯಿಂದ ಹೋ ಎಂದು ಕೂಗೆದ್ದಿತು. ನೂರಾರು ಗಂಟಲು ಒಟ್ಟಿಗೆ. "ಅಜ್ಜಿ! ಅಜ್ಜಿ ಎದ್ದಳು!"

ದೊಡ್ಡಪ್ಪ ಹೊಲಿಗೆ ಹಾಕಿದ ಲೈಫ್ ಜಾಕೆಟ್ಟನ್ನು ಹೆಗಲಿಗೆ ಎಸೆದುಕೊಂಡು, ಜಗಲಿಯ ತುದಿಯಲ್ಲಿ ತಮ್ಮ ಹಳೆಯ ದುರ್ಬೀನನ್ನು ಕಣ್ಣಿಗೆ ಹಿಡಿದಿದ್ದರು.

"ದೋಣಿ ಕಾಣುತ್ತಾ ದೊಡ್ಡಪ್ಪ?"

"ಕಾಣುತ್ತೆ. ನಾಲ್ಕನೇ ತೇಲುಗುಂಡು. ಇಂಜಿನ್ ನಿಲ್ಲಿಸಿದಾರೆ. ಏರಿ ಕಡೆಗೆ ಸರೀತಿದೆ."

"ಇಬ್ಬರೂ ಇದಾರಾ? ಇಬ್ಬರೂ ಇದಾರಾ ಹೇಳಿ!"

ಅವರು ದುರ್ಬೀನು ಇಳಿಸಿ, ಅಂಗಿಯ ತುದಿಯಿಂದ ಗಾಜು ಒರೆಸಿ, ಮತ್ತೆ ಹಿಡಿದರು.

"ದಫೇದಾರ ನಿಂತಿದಾನೆ. ಮೌನಿ ಕೂತಿದಾನೆ, ಕೈ ಹಿಂದಿದೆ. ಮುಂದುಗಡೆ ಹುಟ್ಟು ಹಿಡಿದು ಇನ್ನೊಬ್ಬ ಇದಾನೆ." ಅವರು ದುರ್ಬೀನನ್ನು ಕಣ್ಣಿಗೆ ಇನ್ನಷ್ಟು ಒತ್ತಿ ಹಿಡಿದರು. "ಪುಟ್ಟಿ... ಅವನು ಹಳದಿ ಟೋಪಿ ಹಾಕ್ಕೊಂಡಿದಾನೆ."